ಅಪ್‌ಡೇಟ್: ಹಳೆಯ ಚಿತ್ರಗಳ ಡೇಟಾ ಕೆಲಸಕ್ಕೆ ಸೇರಿದೆ

ರಸಾಯನಶಾಸ್ತ್ರ ಓದಿದ ನಾನು, ಹಳೆಯ ವರ್ಣಚಿತ್ರಗಳ ಪರೀಕ್ಷೆಯ ಡೇಟಾವನ್ನು ಎಲ್ಲರಿಗೂ ಸಿಗುವಂತೆ ಮಾಡುವ ಸಂಶೋಧನಾ ಕೆಲಸಕ್ಕೆ ಸೇರಬಹುದೇ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೆ. ಸೇರಿದೆ. "ಮೊದಲು ಒಂದೇ ಡೇಟಾಸೆಟ್ ಪೂರ್ತಿ ಮಾಡಿ" ಎಂದವರ ಮಾತು ಕೇಳಿದೆ. ಅದೇ ಸರಿಯಾಯಿತು.

ಕೈಗೆತ್ತಿಕೊಂಡಿದ್ದು ಒಂದು ವರ್ಣಚಿತ್ರದ ಎಕ್ಸ್‌ಆರ್‌ಎಫ್ ಅಳತೆಗಳು (ಎಕ್ಸ್-ಕಿರಣ ಬಿಟ್ಟು ಬಣ್ಣದಲ್ಲಿ ಯಾವ ಧಾತುಗಳಿವೆ ಎಂದು ನೋಡುವ ವಿಧಾನ). ಫೈಲ್‌ಗಳು ಆ ಯಂತ್ರದ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುತ್ತಿದ್ದವು. ಎಲ್ಲ ಕಡೆ ತೆರೆಯುವ ಸಿಎಸ್‌ವಿ ಫೈಲ್ ಮಾಡಲು ಒಂದು ದಿನ ಸಾಕಾಯಿತು. ಕಷ್ಟ ಬೇರೆ ಕಡೆ ಇತ್ತು. ಅಳತೆ ತೆಗೆದದ್ದು ಎಷ್ಟು ಕಿಲೋವೋಲ್ಟ್‌ನಲ್ಲಿ, ಎಷ್ಟು ಸೆಕೆಂಡ್, ಚಿತ್ರದ ಯಾವ ಜಾಗ ಎಂಬುದೆಲ್ಲ ಯಾರದೋ ನೋಟ್‌ಬುಕ್‌ನಲ್ಲಿತ್ತು. ಅದಿಲ್ಲದೆ ಬರೀ ಗ್ರಾಫ್ ಇಟ್ಟುಕೊಂಡು ಬೇರೆಯವರು ಏನು ಮಾಡಬೇಕು, ಅಲ್ವಾ? ಗ್ರಾಫ್‌ನಲ್ಲಿ ಪ್ರತಿ ಧಾತುವಿಗೂ ಅದರದೇ ಗೆರೆಗಳಿರುತ್ತವೆ, ಆದರೆ ಸೀಸದ ಎಂ ಗೆರೆ, ಗಂಧಕದ ಕೆ ಗೆರೆ ಎರಡೂ 2.3 ಕೆಇವಿ (ಶಕ್ತಿಯ ಅಳತೆ) ಹತ್ತಿರವೇ ಬರುವುದರಿಂದ ಒಂದನ್ನು ಇನ್ನೊಂದು ಎಂದುಕೊಳ್ಳಬಹುದು. ಸುಮ್ನೆ "ಗಂಧಕ ಇದೆ" ಎಂದಷ್ಟೇ ಪ್ರಕಟಿಸಿದರೆ ಯಾರೂ ಪರಿಶೀಲಿಸಲು ಆಗುವುದಿಲ್ಲ. ಮೂಲ ಸ್ಪೆಕ್ಟ್ರಮ್ (ಆ ಪೂರ್ತಿ ಗ್ರಾಫ್‌ನ ಡೇಟಾ) ಬೇಕೇ ಬೇಕು.

ಹೆಸರುಗಳ ಗೊಂದಲವೂ ಜಾಸ್ತಿ ಇತ್ತು. ಒಂದೇ ಸೀಸದ ಬಿಳಿ ಬಣ್ಣಕ್ಕೆ ಮೂರು ಹೆಸರು! ಗೆಟ್ಟಿ ಸಂಸ್ಥೆಯ ಕಲಾ ಪದಗಳ ಪದಕೋಶವಾದ ಎಎಟಿಯ ಗುರುತು ಸಂಖ್ಯೆ ಹಾಕಿದ ಮೇಲೆ ಹುಡುಕುವುದು ಸುಲಭವಾಯಿತು.

ಕೊನೆಗೆ ಸಂಶೋಧನಾ ಡೇಟಾ ಇಡುವ ಝೆನೋಡೋ ಎಂಬ ಜಾಲತಾಣದಲ್ಲಿ ಹಾಕಿದೆವು. ಡಿಒಐ (ಶಾಶ್ವತ ಗುರುತು ಸಂಖ್ಯೆ) ಸಿಕ್ಕಿತು, ಲೈಸೆನ್ಸ್ ಸಿಸಿ ಬೈ, ಅಂದರೆ ನಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಫೋಟೋಗಳ ಹಕ್ಕು ಬೇರೆಯವರದ್ದು, ಹಾಗಾಗಿ ಅವನ್ನು ಸೇರಿಸಿಲ್ಲ. ಹೋದ ವಾರ ಪರಿಚಯವೇ ಇಲ್ಲದ ಒಬ್ಬರು ಅದೇ ಫೈಲ್‌ನಿಂದ ಮತ್ತೆ ಲೆಕ್ಕ ಹಾಕಿ, ಎರಡು ಜಾಗದಲ್ಲಿ ನಾವು ಬಣ್ಣ ಗುರುತಿಸಿದ್ದು ತಪ್ಪು ಎಂದು ಬರೆದರು. ನನಗೆ ತುಂಬಾ ಖುಷಿಯಾಯಿತು. ತಿದ್ದಿದ ಎರಡನೇ ಆವೃತ್ತಿ ಈಗ ತಯಾರಾಗುತ್ತಿದೆ.