ಮಕ್ಕಳ ಹ್ಯಾಲೋವೀನ್‌ಗೆ ಸುಲಭದ ಅಸ್ಥಿಪಂಜರ ಬಿಡಿಸುವುದು ಹೇಗೆ?

ಸುರತ್ಕಲ್ ಅಮ್ಮ:
ಅಕ್ಟೋಬರ್ 31ಕ್ಕೆ ನಮ್ಮ ಅಪಾರ್ಟ್‌ಮೆಂಟ್ ಮಕ್ಕಳದ್ದು ಹ್ಯಾಲೋವೀನ್ ಅಂತೆ. ಅಸ್ಥಿಪಂಜರ ಬಿಡಿಸಿಕೊಡು ಅಂತ ಮಗಳ ಹಠ. ನನಗೆ ಬರುವುದು ರಂಗೋಲಿ ಮಾತ್ರ. ಏನಾದರೂ ಐಡಿಯಾ ಕೊಡಿ.

ಉಡುಪಿ ಡ್ರಾಯಿಂಗ್ ಟೀಚರ್:
ರಂಗೋಲಿ ಬಂದರೆ ಸಾಕು ಮೇಡಂ. ದೊಡ್ಡವರ ಮೈಯಲ್ಲಿ ಮೂಳೆ 206, ಅಷ್ಟೂ ಬಿಡಿಸಲು ಹೋಗಬೇಡಿ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದದ ಗಂಟು, ಇಷ್ಟಕ್ಕೆ ಪೆನ್ಸಿಲ್‌ನಲ್ಲಿ ಚುಕ್ಕೆ ಇಡಿ, ಆಮೇಲೆ ಚುಕ್ಕೆಯಿಂದ ಚುಕ್ಕೆಗೆ ಮೂಳೆ ಎಳೆಯಿರಿ. ಮೊಣಕೈ ಮೇಲೆ ಒಂದೇ ಮೂಳೆ, ಕೆಳಗೆ ಎರಡು. ಕಾಲಿಗೂ ಹಾಗೇ. ಪಕ್ಕೆಲುಬು ನಿಜಕ್ಕೂ 12 ಜೊತೆ, ಚಿತ್ರಕ್ಕೆ ಐದಾರು ಬಾಗಿದ ಗೆರೆ ಧಾರಾಳ. ಕಣ್ಣಿನ ಗುಳಿ ತಲೆಬುರುಡೆಯ ನಡುಮಧ್ಯಕ್ಕೆ ಬರಲಿ, ಎಲ್ಲರೂ ಮೇಲೆ ಇಟ್ಟುಬಿಡುತ್ತಾರೆ. ಮೂಗಿಗೆ ತಲೆಕೆಳಗಾದ ಹಾರ್ಟ್.

ಮಣಿಪಾಲದ ಹುಡುಗ:
ಬಿಡಿಸುವುದೇ ಬೇಡ ಅಕ್ಕ. ಕಪ್ಪು ಚಾರ್ಟ್ ಮೇಲೆ ಇಯರ್‌ಬಡ್ ಕತ್ತರಿಸಿ ಅಂಟಿಸಿ. ಹತ್ತಿಯ ತುದಿ ಥೇಟ್ ಮೂಳೆಯ ಗಂಟು! ಗಮ್ ಮಾತ್ರ ಜಾಸ್ತಿ ಹಾಕಬೇಡಿ, ನಮ್ಮ ಕರಾವಳಿಯ ತೇವಕ್ಕೆ ಬೇಗ ಒಣಗುವುದಿಲ್ಲ, ಚಾರ್ಟ್ ಸುರುಟಿಕೊಳ್ಳುತ್ತದೆ.

ಕದ್ರಿ ಮಾಮ:
ಹುಲಿವೇಷಕ್ಕೆ ಮೈಯೆಲ್ಲ ಬಣ್ಣ ಬಳಿಯುವ ಊರಲ್ಲಿ ಇದೆಂತ ದೊಡ್ಡ ಸಂಗತಿ ಮಾರಾಯ್ರೆ? ಹಳೇ ಕಪ್ಪು ಟೀ-ಶರ್ಟ್ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಒಗೆದರೆ ಹೋಯಿತು.

ಸುರತ್ಕಲ್ ಅಮ್ಮ:
ಇಯರ್‌ಬಡ್ ಮನೆಯಲ್ಲೇ ಇದೆ. ಇವತ್ತೇ ಶುರು ಮಾಡುತ್ತೇವೆ.