ಆಂಟಿವೈರಸ್ ಹಾಕಿದ ಮೇಲೆ ಹೋಮ್‌ಬ್ರೂ ಕೆಟ್ಟಿದೆ, ನೀವೇನು ಮಾಡಿದಿರಿ?

ಪ್ರಶ್ನೆ: ಇಂಟೆಲ್ ಚಿಪ್‌ನ ಮ್ಯಾಕ್. ಅದಕ್ಕೆ ತಂತ್ರಾಂಶ ಹಾಕಲು ಹೋಮ್‌ಬ್ರೂ (ಬ್ರೂ) ಬಳಸುತ್ತೇನೆ. ಆಫೀಸಿನವರು ಕೊಟ್ಟ ಆಂಟಿವೈರಸ್ ಹಾಕಿದ ಮೇಲೆ ಬ್ರೂ ಬಳಸುವ /ಯುಎಸ್ಆರ್/ಲೋಕಲ್/ಬಿನ್ ಫೋಲ್ಡರಿನ ಒಡೆತನ ನನ್ನಿಂದ ರೂಟ್‌ಗೆ, ಅಂದರೆ ಯಂತ್ರದ ಮೇಲಧಿಕಾರಿ ಖಾತೆಗೆ, ಹೋಗಿದೆ. ಬ್ರೂ ಏನನ್ನೂ ಹಾಕುತ್ತಿಲ್ಲ. ಅನುಭವ ಇದ್ದವರು ಹೇಳಿ.

ಮಂಗಳೂರಿನವರು: ನನಗೆ ಎರಡು ದಿನ ಹೋಯಿತು. ಶುಕ್ರವಾರ ರಾತ್ರಿ ಆತುರದಲ್ಲಿ ಇಡೀ ಲೋಕಲ್‌ಗೆ ಚ್‌ಮಾಡ್ 777 (ಎಲ್ಲರಿಗೂ ಎಲ್ಲ ಅನುಮತಿ ಕೊಡುವ ಆಜ್ಞೆ) ಹೊಡೆದೆ. ಬ್ರೂ ಎದ್ದಿತು, ಅದರಿಂದ ಹಾಕಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್ ಮಲಗಿತು. ಡೇಟಾ ಫೋಲ್ಡರ್ ಎಲ್ಲರಿಗೂ ತೆರೆದಿದ್ದರೆ ಅದು ಶುರುವೇ ಆಗಲ್ಲ. 0700, ಅಂದರೆ ಒಡೆಯರಿಗೆ ಮಾತ್ರ ಅನುಮತಿ, ಬೇಕು ಅಂತ ಲಾಗ್‌ನಲ್ಲೇ ಇತ್ತು. ನಾನು ಲಾಗ್ ತೆರೆದಿದ್ದು ಶನಿವಾರ ಮಧ್ಯಾಹ್ನ! ಅಷ್ಟರಲ್ಲಿ ಪೋಸ್ಟ್‌ಗ್ರೆಸ್ ಎರಡು ಸಲ ಕಿತ್ತು ಮತ್ತೆ ಹಾಕಿ, ಫೋನಿನ ನೆಟ್ 4 ಜಿಬಿ ಖಾಲಿ. ಸೋಮವಾರ ಡೆಮೊ ಬೇರೆ.

ಧಾರವಾಡದವರು: ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಒಡೆತನ ಬದಲಿಸುವ ಚ್‌ಓನ್ ಆಜ್ಞೆ ಸಾಕಿತ್ತು. 2017ರ ಮ್ಯಾಕ್ ಆವೃತ್ತಿ ಹೈ ಸಿಯೆರಾದಿಂದ ಈಚೆಗೆ ಲೋಕಲ್ ಫೋಲ್ಡರನ್ನೇ ನಮ್ಮ ಹೆಸರಿಗೆ ಮಾಡಿಕೊಳ್ಳಲು ಮ್ಯಾಕ್ ಬಿಡಲ್ಲ, ಅದರ ಒಳಗಿನದಕ್ಕೆ ಮಾತ್ರ ಮಾಡಬೇಕು. 'ಒಳಗಿನದೆಲ್ಲ' ಅಂತ ಸೂಚಿಸುವ ಕೊನೆಯ ನಕ್ಷತ್ರ ಚಿಹ್ನೆ ಹಾಕದೆ ನಾನು ನಾಲ್ಕು ಗಂಟೆ ಒದ್ದಾಡಿದೆ. ಸರಿ ಮಾಡಿದರೆ ಆಂಟಿವೈರಸ್‌ನ ಮುಂದಿನ ಅಪ್‌ಡೇಟ್ ಮತ್ತೆ ರೂಟ್ ಹೆಸರಿಗೆ ಮಾಡಿತು. ಹೀಗೆ ಮೂರು ಸಲ. ಆಂಟಿವೈರಸ್ ಕಂಪನಿಗೆ ಆರು ಮೇಲ್ ಕಳಿಸಿದೆ. 'ನೀವು ಆ ಫೋಲ್ಡರ್ ಬಳಸಬಾರದು' ಅಂತ ಉತ್ತರ ಬಂತು. ವರ್ಷಕ್ಕೆ ಕಟ್ಟಿದ್ದ 1,800 ರೂಪಾಯಿ ಹೋದರೆ ಹೋಗಲಿ ಅಂತ ತೆಗೆದುಹಾಕಿದೆ.

ಮಂಗಳೂರಿನವರು: ರಾತ್ರಿ ಒಂದು ಗಂಟೆಗೆ ನೀವು ನನ್ನ ಜಾಗದಲ್ಲಿ ಇರಲಿಲ್ಲ. ಮೂಗಿನ ಮಾತು ಬೇಡ.

ಬೆಂಗಳೂರಿನವರು: ಸುಮ್ನೆ ಆಪಲ್‌ನದೇ ಎಂ1 ಚಿಪ್ ಇರೋ ಮ್ಯಾಕ್ ತಗೊಳ್ಳಿ. ಅದರಲ್ಲಿ ಬ್ರೂ ಇರೋದು /ಆಪ್ಟ್/ಹೋಮ್‌ಬ್ರೂ ಒಳಗೆ, ಈ ತಂಟೆಯೇ ಇಲ್ಲ. ನಾನು 82,000 ಕೊಟ್ಟೆ. ಹಳೇ ಫೋಲ್ಡರಿನ ದಾರಿ ಬರೆದಿದ್ದ 23 ಸ್ಕ್ರಿಪ್ಟ್ ಒಂದೊಂದಾಗಿ ತಿದ್ದಿದೆ. ಆದರೂ ನೆಮ್ಮದಿ. ನಿಜ ಹೇಳಬೇಕೆಂದರೆ ತಪ್ಪು ಬ್ರೂದ್ದೇ. ಎಲ್ಲರ ಜಾಗದಲ್ಲಿ ಮನೆ ಕಟ್ಟಿಕೊಂಡಿತ್ತು.

ಧಾರವಾಡದವರು: ಎಲ್ಲರ ಜಾಗ ಅಲ್ಲ! ಮ್ಯಾಕ್‌ನ ಮೂಲವಾದ ಯೂನಿಕ್ಸ್‌ನಲ್ಲಿ ಲೋಕಲ್ ಅಂದರೆ ಆ ಯಂತ್ರ ನೋಡಿಕೊಳ್ಳುವವರ ಜಾಗ. 2015ರಲ್ಲಿ ಎಲ್ ಕ್ಯಾಪಿಟನ್ ಆವೃತ್ತಿ ಬಂದಾಗ ಆಪಲ್ /ಯುಎಸ್ಆರ್‌ಗೆ ಬೀಗ ಹಾಕಿ ಲೋಕಲ್ ಒಂದನ್ನು ನಮಗೆ ಬಿಟ್ಟಿತು. ಪಾಸ್‌ವರ್ಡ್ ಕೊಟ್ಟಿದ್ದು ಆಂಟಿವೈರಸ್ ಹಾಕಲು, ನಮ್ಮ ಫೋಲ್ಡರ್ ಕಿತ್ತುಕೊಳ್ಳಲು ಅಲ್ಲ.

ಬೆಂಗಳೂರಿನವರು: ಹಾಗಾದರೆ ಬ್ರೂ ಯಾಕೆ ಜಾಗ ಬದಲಿಸಿತು?

ಮಂಗಳೂರಿನವರು: 82,000 ಇಲ್ಲದವರು ಏನು ಮಾಡಬೇಕು, ಅದನ್ನು ಮೊದಲು ಹೇಳಿ.