ಗುಡಿಸು, ಕೊಂಬು, ಇಳಿ: ಪದಬಂಧದ ಸುಳಿವಿನಲ್ಲಿ ಕಾಗುಣಿತದ ಹೆಸರುಗಳು

ಎಲ್ಲರಿಗೂ ನಮಸ್ಕಾರ.

ಕಾಗುಣಿತದ ಚಿಹ್ನೆಗಳನ್ನು ನಿಮ್ಮ ಕಡೆ ಏನೆಂದು ಕರೆಯುತ್ತಾರೆ? ಈ ಪ್ರಶ್ನೆ ಯಾಕೆ ಬಂತು ಅಂತ ಹೇಳುತ್ತೇನೆ. ಬಸವನಗುಡಿಯಲ್ಲಿ ನಾವು ಕೆಲವರು ಸೇರಿ ಕನ್ನಡದಲ್ಲೇ ಕ್ರಿಪ್ಟಿಕ್ ಸುಳಿವುಗಳನ್ನು ಕಟ್ಟುತ್ತೇವೆ, ಒಬ್ಬರದನ್ನು ಇನ್ನೊಬ್ಬರು ಬಿಡಿಸುತ್ತೇವೆ. ಮೊನ್ನೆ ಈ ಸುಳಿವಿನ ಮೇಲೆ ದೊಡ್ಡ ಚರ್ಚೆ ಆಯಿತು:

ಲಾಲ್‌ಬಾಗ್ ಮಾಲಿಯ ಕೈಚಳಕ, ಕೊನೆಗೆ ಕಸ ಗುಡಿಸುವುದು (2)

ಉತ್ತರ ‘ಕಸಿ’. ಆವರಣದಲ್ಲಿರುವ 2 ಅಂದರೆ ಉತ್ತರದಲ್ಲಿ ಎರಡು ಅಕ್ಷರ. ಕ್ರಿಪ್ಟಿಕ್ ಸುಳಿವಿನ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ. ಮಿಕ್ಕ ಭಾಗ ಆ ಪದವನ್ನು ಕಟ್ಟುವ ದಾರಿ ತೋರಿಸುತ್ತದೆ. ಇಲ್ಲಿ ಮಾಲಿಯ ಕೈಚಳಕ ಅನ್ನುವುದು ಅರ್ಥ. ‘ಕಸ’ದ ಕೊನೆಯ ಅಕ್ಷರಕ್ಕೆ ಗುಡಿಸು, ಅಂದರೆ ‘ಇ’ಕಾರದ ಚಿಹ್ನೆ, ಕೊಟ್ಟರೆ ‘ಸ’ ಹೋಗಿ ‘ಸಿ’ ಆಗುತ್ತದೆ. ಓದುವವರ ಕಣ್ಣಿಗೆ ಮೊದಲು ಕಾಣುವುದು ಪೊರಕೆ. ಕಾಗುಣಿತ ನೆನಪಾಗುವುದು ಆಮೇಲೆ. ನನಗೆ ತುಂಬ ಇಷ್ಟವಾದ ಸುಳಿವು ಇದು.

ಆದರೆ ಗುಂಪಿನಲ್ಲಿ ಒಬ್ಬರು ಒಪ್ಪಲಿಲ್ಲ. ಅವರು ಶಾಲೆಯಲ್ಲಿ ಕಲಿತದ್ದು ‘ಕ ಗುಣಿಸು ಕಿ’ ಅಂತ. ಅವರಿಗೆ ‘ಗುಡಿಸು’ ಅಂದರೆ ಪೊರಕೆ ಕೆಲಸ, ಅಷ್ಟೇ. ಅವರ ಮಾತಿನಲ್ಲಿ ನ್ಯಾಯವಿದೆ. ಸುಳಿವು ಬಿಡಿಸುವವರಿಗೆ ಆ ಹೆಸರೇ ಗೊತ್ತಿಲ್ಲದಿದ್ದರೆ ಅವರು ಉತ್ತರ ತಲುಪುವುದು ಹೇಗೆ? ಇಂಗ್ಲಿಷ್ ಪದಬಂಧಗಳಲ್ಲಿ ಆಫ್ರಿಟ್ ಎಂಬ ಹೆಸರಿನಲ್ಲಿ ಸುಳಿವು ಕಟ್ಟುತ್ತಿದ್ದವರು 1949ರಲ್ಲಿ ಒಂದು ನಿಯಮ ಹೇಳಿದ್ದರು. ಸುಳಿವು ಕಟ್ಟುವವನು ಬಾಯಲ್ಲಿ ಹೇಳಿದ್ದೇ ಮನಸ್ಸಿನಲ್ಲಿ ಇರಬೇಕೆಂದಿಲ್ಲ, ಆದರೆ ಮನಸ್ಸಿನಲ್ಲಿ ಇರುವುದನ್ನು ಹೇಳಲೇಬೇಕು. ಈ ನಿಯಮ ಕನ್ನಡಕ್ಕೂ ಬೇಕು ಅಂತಲೇ ನನ್ನ ಅಭಿಪ್ರಾಯ.

ಚಿಹ್ನೆಗಳ ಹೆಸರು ಇಷ್ಟು ಮುಖ್ಯ ಆಗುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ಹತ್ತು ಹನ್ನೆರಡು ಲೆಟರುಗಳ ಪದವನ್ನೂ ಕಲಸಿ ಬೇರೆ ಪದ ಮಾಡುತ್ತಾರೆ. ನಮ್ಮಲ್ಲಿ ಒಂದು ಮನೆಗೆ ಇಡೀ ಅಕ್ಷರ ಬರುತ್ತದೆ, ಅದರ ಸ್ವರ, ಒತ್ತು, ಸೊನ್ನೆ ಎಲ್ಲ ಸೇರಿ. ಹಾಗಾಗಿ ಕಲಸುವ ಆಟಕ್ಕೆ ಜಾಗ ಕಡಿಮೆ. ‘ಸಕಲವೂ ಚೆಲ್ಲಾಪಿಲ್ಲಿ, ಭದ್ರೆಯ ದಡದ ಊರಲ್ಲಿ (3)’ ಅಂದರೆ ಕಳಸದ ಇನ್ನೊಂದು ಬರಹ ‘ಕಲಸ’. ಇಂಥವು ಸಿಕ್ಕರೂ ಮೂರು ನಾಲ್ಕು ಅಕ್ಷರಕ್ಕೆ ನಿಂತುಬಿಡುತ್ತವೆ. ತಿರುವಿ ಓದುವುದರಲ್ಲಿ ಮಾತ್ರ ನಮಗೆ ಲಾಭ ಇದೆ:

ಹಿಂದಕ್ಕೆ ಹರಿದ ನದಿ ಇಪ್ಪತ್ನಾಲ್ಕು ಗಂಟೆ (2)

‘ನದಿ’ ತಿರುಗಿದರೆ ‘ದಿನ’. ಗುಡಿಸು ತನ್ನ ‘ದ’ಕಾರದ ಜೊತೆಗೇ ಮುಂದಕ್ಕೆ ಬರುತ್ತದೆ. ಇಂಗ್ಲಿಷ್ ಲೆಟರುಗಳಲ್ಲಿ ಬರೆದು ತಿರುಗಿಸಿದರೆ ಇದು ಆಗುವುದಿಲ್ಲ.

ಇಷ್ಟರ ಮೇಲೆ ನಮಗೆ ನಿಜವಾದ ಸಂಪತ್ತು ಅಂದರೆ ಕಾಗುಣಿತವೇ. ಅದರ ಹೆಸರುಗಳನ್ನು ನೋಡಿ. ತಲೆಕಟ್ಟು, ಇಳಿ, ಕೊಂಬು, ಸುಳಿ, ಸೊನ್ನೆ, ಒತ್ತು. ಒಂದೊಂದಕ್ಕೂ ದಿನದ ಮಾತಿನಲ್ಲಿ ಬೇರೆ ಅರ್ಥ ಇದ್ದೇ ಇದೆ. ಸುಳಿವು ಕಟ್ಟುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಕುರಿಯ ಕೊಂಬು ಹೋದರೆ ಆನೆ (2)

‘ಕು’ವಿನ ಕೊಂಬು ತೆಗೆದರೆ ‘ಕ’. ಉತ್ತರ ‘ಕರಿ’. ಇದನ್ನು ಹೊರಗಿನಿಂದ ತಂದ ಆಟ ಅಂತಲೂ ಅನ್ನುವಂತಿಲ್ಲ. ಸಂಸ್ಕೃತದ ಚಿತ್ರಕಾವ್ಯದಲ್ಲಿ ಸ್ವರಚಿಹ್ನೆ ತೆಗೆದು ಬೇರೆ ಅರ್ಥ ಹುಟ್ಟಿಸುವ ಮಾತ್ರಾಚ್ಯುತಕ ಇದೆ, ಸೊನ್ನೆ ತೆಗೆಯುವ ಬಿಂದುಚ್ಯುತಕ ಇದೆ. ‘ಕಂತೆ’ಯ ಸೊನ್ನೆ ಕಿತ್ತು ‘ಕತೆ’ ಮಾಡುವುದು ಈ ಎರಡನೆಯ ಜಾತಿ. ಕನಕದಾಸರ ಮುಂಡಿಗೆಗಳನ್ನು ಬಿಡಿಸಿ ಅಭ್ಯಾಸ ಇದ್ದವರಿಗೆ, ಮೇಲೆ ಒಂದು ಅರ್ಥ ಒಳಗೆ ಇನ್ನೊಂದು ಅರ್ಥ ಅನ್ನುವುದು ಹೊಸತೇನಲ್ಲ ಅಲ್ವಾ?

ಇನ್ನೊಂದು ತೊಡಕು ಇದೆ. ನನಗೆ ಜಾಸ್ತಿ ತಲೆ ತಿನ್ನುತ್ತಿರುವುದು ಇದೇ. ಈ ಸುಳಿವು ನೋಡಿ:

ಬಳೆ ಇಳಿಯಿತು, ಹಣ್ಣು ಸಿಕ್ಕಿತು (2)

‘ಬ’ಕ್ಕೆ ಇಳಿ ಕೊಟ್ಟರೆ ‘ಬಾ’, ಉತ್ತರ ‘ಬಾಳೆ’. ಆದರೆ ಇದೇ ಪದಕ್ಕೆ ಇನ್ನೊಬ್ಬರು ‘ಬಳೆ ಮೊದಲಲ್ಲಿ ಉದ್ದವಾದರೆ ಹಣ್ಣು’ ಅಂತ ಬರೆದಿದ್ದರು. ಮೊದಲನೆಯದು ಲಿಪಿಯನ್ನು ನೋಡುತ್ತದೆ. ಎರಡನೆಯದು ಉಚ್ಚಾರವನ್ನು ಕೇಳುತ್ತದೆ. ನಾನು ಕಲಿತ ಪ್ರಕಾರ ‘ಕಾ’ದಲ್ಲಿ ಇರುವುದು ಇಳಿ. ‘ದೀರ್ಘ’ ಅನ್ನುವ ಚಿಹ್ನೆ ಬರುವುದು ‘ಕೀ’, ‘ಕೇ’, ‘ಕೋ’ಗಳಲ್ಲಿ. ಸುಳಿವಿನಲ್ಲಿ ‘ದೀರ್ಘ’ ಅಂತ ಬರೆದರೆ ಚಿಹ್ನೆ ಅಂತ ತಿಳಿಯಬೇಕೋ, ಸ್ವರದ ಉದ್ದ ಅಂತ ತಿಳಿಯಬೇಕೋ? ಎರಡೂ ನಡೆಯಲಿ ಅಂತ ಗುಂಪಿನಲ್ಲಿ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪದಬಂಧ ಬರೆದು ತುಂಬುವ ಆಟ, ಆದ್ದರಿಂದ ಲಿಪಿಯ ಮಾತೇ ಮೇಲಾಗಬೇಕು. ಉಚ್ಚಾರವನ್ನು ಬಳಸುವುದಾದರೆ ‘ಕೇಳಿದರೆ’, ‘ಕಿವಿಗೆ’ ಅನ್ನುವಂಥ ಒಂದು ಮಾತು ಸುಳಿವಿನಲ್ಲಿ ಇರಲಿ.

‘ಗುಣಿಸು’ ವಿಷಯಕ್ಕೆ ಬಂದರೆ, ಆ ರೂಪ ಎಷ್ಟು ಊರುಗಳಲ್ಲಿ ಬಳಕೆಯಲ್ಲಿದೆ ಅಂತ ತಿಳಿಯಬೇಕು. ಹೆಚ್ಚು ಕಡೆ ಇದ್ದರೆ ಅದನ್ನು ಬಿಡುವುದು ಸರಿಯಲ್ಲ. ಲೆಕ್ಕ, ಮಗ್ಗಿ ಎಲ್ಲ ಸುಳಿವಿನೊಳಗೆ ಬರಬಹುದು, ಅದೂ ಒಳ್ಳೆಯದೇ.

ಹಾಗಾಗಿ ಬಲ್ಲವರಲ್ಲಿ ಕೇಳುತ್ತಿದ್ದೇನೆ. ನೀವು ಚಿಕ್ಕಂದಿನಲ್ಲಿ ‘ಕ’ದಿಂದ ‘ಕಃ’ವರೆಗೆ ಬಾಯಿಪಾಠ ಹೇಳಿದ ಕಾಗುಣಿತವನ್ನು ಹಾಗೇ ಬರೆದು ಕಳಿಸಿ, ಜೊತೆಗೆ ಯಾವ ಜಿಲ್ಲೆ ಅಂತಲೂ ತಿಳಿಸಿ. ‘ಕೃ’ಗೆ ನಾನು ಕಲಿತದ್ದು ವಟ್ರಸುಳಿ. ಅದಕ್ಕೆ ಬೇರೆ ಹೆಸರು ಕೇಳಿದ್ದರೆ ತಪ್ಪದೇ ಬರೆಯಿರಿ. ‘ಕೆ’, ‘ಕೈ’, ‘ಕೊ’, ‘ಕೌ’ಗಳಿಗೆ ಏತ್ವ, ಐತ್ವ, ಓತ್ವ, ಔತ್ವ ಬಿಟ್ಟು ದಿನಬಳಕೆಯ ಅಚ್ಚಗನ್ನಡ ಹೆಸರು ಎಲ್ಲಾದರೂ ಇದೆಯೇ? ಈ ನಾಲ್ಕಕ್ಕೆ ಮಾತ್ರ ನಮಗೆ ಇನ್ನೂ ಒಂದು ಒಳ್ಳೆಯ ಸುಳಿವು ಕಟ್ಟಲು ಆಗಿಲ್ಲ.